ಬಜಾರ್ ಗೇಟಿನಾಚೆಯ ಚಿತ್ರಶಾಲೆ



ವಿ.ಟಿ. ಸ್ಟೇಷನ್ನಿಗೆ ಹೊಸ ಹೆಸರು ಬಂದು ಎಷ್ಟೋ ವರ್ಷಗಳಾದವು, ಆದರೂ ನಮ್ಮ ಬಾಯಲ್ಲಿ ಅದು ಇನ್ನೂ ವಿ.ಟಿ.ಯೇ. ಅಲ್ಲಿಂದ ಹೊರಬಿದ್ದು ಕ್ರಾಫರ್ಡ್ ಮಾರ್ಕೆಟ್ಟಿನ ಕಡೆಗೆ ದಾದಾಭಾಯಿ ನವರೋಜಿ ರಸ್ತೆಯಲ್ಲಿ ನೀವು ನೂರಾರು ಸಲ ನಡೆದಿರುತ್ತೀರಿ. ಎಡಗಡೆ ಅಂಜುಮನ್-ಇ-ಇಸ್ಲಾಂ ಶಾಲೆಯ ಕಟ್ಟಡ. ಅದರಾಚೆ ಹಳೆಯ ಮರಗಳ ನೆರಳಿರುವ ಒಂದು ದೊಡ್ಡ ಕಾಂಪೌಂಡು. ಫುಟ್‌ಪಾತಿನ ಗದ್ದಲದಲ್ಲಿ, ಲೋಕಲ್ ಹಿಡಿಯುವ ಅವಸರದಲ್ಲಿ, ಅದರ ಒಳಗೆ ಏನಿದೆಯೆಂದು ಇಣುಕಿ ನೋಡುವಷ್ಟು ಪುರುಸೊತ್ತು ಯಾರಿಗಿದೆ? ಅದು ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್. ನಮ್ಮ ಊರ ಕಡೆಯ ಜನರಿಗೆ ‘ಜೆ.ಜೆ.’ ಅಂದರೆ ಮೊದಲು ನೆನಪಾಗುವುದು ಭಾಯಖಳಾದ ಆಸ್ಪತ್ರೆ. ಎರಡೂ ಒಬ್ಬನೇ ಪುಣ್ಯಾತ್ಮನ ಹೆಸರಿನವು.

ಈ ಸಲ ಆ ಕಾಂಪೌಂಡಿನ ಕಥೆ ಹೇಳೋಣ ಅಂತ. ಕಾರಣ ಇಷ್ಟೆ: ಮಗ ಅಥವಾ ಮಗಳು ಚಿತ್ರ ಬಿಡಿಸುತ್ತಾಳೆ, ಹಾಡುತ್ತಾಳೆ, ಕುಣಿಯುತ್ತಾಳೆ, ಇಂಥ ಮಕ್ಕಳಿಗೇ ಅಂತ ಒಂದು ಶಾಲೆ ಇಲ್ಲವೇ ಎಂದು ಕೇಳುವ ತಂದೆತಾಯಿಗಳು ನಮ್ಮಲ್ಲಿ ಬಹಳ ಮಂದಿ. ನ್ಯೂಯಾರ್ಕಿನಲ್ಲಿ 1936ರಲ್ಲಿ ಅಲ್ಲಿನ ಮೇಯರ್ ಲಾ ಗಾರ್ಡಿಯಾ ಎಂಬವರು ಸಂಗೀತ ಮತ್ತು ಚಿತ್ರಕಲೆಗೆಂದೇ ಒಂದು ಸರಕಾರಿ ಹೈಸ್ಕೂಲು ತೆರೆದರು. ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವುದು, ಆದರೆ ಫೀಸು ಇಲ್ಲ. 1948ರಲ್ಲಿ ನಾಟಕ, ನೃತ್ಯಕ್ಕೂ ಅಂಥದ್ದೊಂದು ಬಂತು, ಮುಂದೆ ಎರಡೂ ಒಂದಾದವು. ನಮ್ಮ ಮುಂಬಯಿಯಲ್ಲಿ ಇದಕ್ಕೆ ಹತ್ತಿರದ ಸಂಬಂಧಿಯನ್ನು ಹುಡುಕಿದರೆ ಸಿಗುವುದು ಫೋರ್ಟಿನ ಈ ಚಿತ್ರಶಾಲೆಯೇ. ಇಂದು ಅದು ಕಾಲೇಜು, ಹನ್ನೆರಡನೆಯ ತರಗತಿ ಮುಗಿಸಿದವರಿಗೆ. ಆದರೆ ಮೊದಲಿಗೆ ಹಾಗಿರಲಿಲ್ಲ. ಮುಂದೆ ಭಾರತದ ಮೊದಲ ಕಥಾಚಿತ್ರ ತೆಗೆದ ದಾದಾಸಾಹೇಬ ಫಾಳ್ಕೆಯವರು ಇಲ್ಲಿಗೆ ಸೇರಿದ್ದು 1885ರಲ್ಲಿ, ಆಗ ಅವರಿಗೆ ವಯಸ್ಸು ಹದಿನೈದು. ಇವತ್ತಿನ ಲೆಕ್ಕದಲ್ಲಿ ಹತ್ತನೆಯ ತರಗತಿಯ ಹುಡುಗ.

ಶುರುವಿನಿಂದ ಹೇಳುತ್ತೇನೆ. ಜಮ್ಶೇಟ್‌ಜಿ ಜೀಜೀಭಾಯ್ ಪಾರ್ಸಿ ವ್ಯಾಪಾರಿ. 1783ರಲ್ಲಿ ಹುಟ್ಟಿ, ಬಡತನದಿಂದ ಮೇಲೆ ಬಂದು, ಚೀನಾ ವ್ಯಾಪಾರದಲ್ಲಿ ಅಪಾರ ಹಣ ಮಾಡಿದವರು. ಹತ್ತಿಯ ಜತೆಗೆ ಅಫೀಮೂ ಆ ವ್ಯಾಪಾರದಲ್ಲಿತ್ತು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಮುಂಬಯಿಯ ಅರ್ಧ ದೊಡ್ಡಸ್ತಿಕೆಯ ಬುಡ ಅಗೆದರೆ ಇದೇ ಮಣ್ಣು ಸಿಗುತ್ತದೆ. 1842ರಲ್ಲಿ ‘ಸರ್’ ಪದವಿ ಪಡೆದ ಮೊದಲ ಭಾರತೀಯ ಅವರು. 1853ರಲ್ಲಿ ಅವರು ಒಂದು ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ಉದ್ದೇಶ, ಈ ನಾಡಿನ ಕಸುಬುಗಳನ್ನು ಮತ್ತು ಕೈಗಾರಿಕೆಯನ್ನು ಸುಧಾರಿಸುವ ಒಂದು ಶಾಲೆ. ಗಮನಿಸಿ, ‘ಕಲಾವಿದ’ರನ್ನು ತಯಾರು ಮಾಡುವ ಮಾತು ಅಲ್ಲಿರಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಭಾರತದ ಕರಕುಶಲ ವಸ್ತುಗಳನ್ನು ಕಂಡು ಬೆರಗಾದ ಕಾಲ ಅದು. ಯಂತ್ರದ ಮಾಲು ಬಂದು ಆ ಕೈಕಸುಬುಗಳನ್ನೇ ನುಂಗುತ್ತಿದ್ದ ಕಾಲವೂ ಅದೇ. ಮದರಾಸಿನಲ್ಲಿ 1850ರಲ್ಲಿ, ಕಲಕತ್ತೆಯಲ್ಲಿ 1854ರಲ್ಲಿ ಇಂಥ ಶಾಲೆಗಳು ತೆರೆದಿದ್ದವು. ಮುಂಬಯಿಯಲ್ಲಿ ಪಾಠ ಶುರುವಾದದ್ದು 1857ರ ಮಾರ್ಚ್ ತಿಂಗಳಲ್ಲಿ, ಎಲ್ಫಿನ್‌ಸ್ಟನ್ ಸಂಸ್ಥೆಯ ಆಶ್ರಯದಲ್ಲಿ, ಒಂದು ಡ್ರಾಯಿಂಗ್ ಕ್ಲಾಸಿನ ರೂಪದಲ್ಲಿ. ಎರಡೇ ತಿಂಗಳಲ್ಲಿ ಮೀರತ್ತಿನಲ್ಲಿ ದಂಗೆ ಎದ್ದಿತು. ದೇಶ ಹೊತ್ತಿ ಉರಿಯುತ್ತಿರುವಾಗ ಇಲ್ಲಿ ಹುಡುಗರು ಪೆನ್ಸಿಲು ಹಿಡಿದು ಗೆರೆ ಎಳೆಯುವುದನ್ನು ಕಲಿಯುತ್ತಿದ್ದರು.

ಆಗ ಫೋರ್ಟ್ ಅಂದರೆ ನಿಜವಾದ ಕೋಟೆ. ಗೋಡೆ, ಕಂದಕ, ಮೂರು ಬಾಗಿಲು: ಅಪೋಲೋ ಗೇಟ್, ಚರ್ಚ್ ಗೇಟ್, ಉತ್ತರಕ್ಕೆ ಬಜಾರ್ ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಆ ಗೋಡೆಗಳನ್ನು ಕೆಡವಿಸಿದರು. ಗೋಡೆಯ ಹೊರಗಿದ್ದ ಬಯಲು ಕಟ್ಟಡಗಳಿಗೆ ತೆರವಾಯಿತು. ಚಿತ್ರಶಾಲೆಗೆ ಬಜಾರ್ ಗೇಟಿನಾಚೆ ಜಾಗ ಸಿಕ್ಕಿತು. ಇಂದು ನೀವು ನೋಡುವ ಕಟ್ಟಡ 1878ರದ್ದು. 1866ರಲ್ಲೇ ಸರಕಾರ ಶಾಲೆಯ ಆಡಳಿತ ವಹಿಸಿಕೊಂಡಿತ್ತು. ಅದಕ್ಕೂ ಮುಂಚೆ, 1865ರ ಹೊತ್ತಿಗೆ, ಇಂಗ್ಲೆಂಡಿನಿಂದ ಮೂವರು ಮಾಸ್ತರರು ಬಂದಿದ್ದರು. ಅಲಂಕಾರ ಚಿತ್ರಕ್ಕೆ ಜಾನ್ ಗ್ರಿಫಿತ್ಸ್, ಶಿಲ್ಪಕ್ಕೆ ಲಾಕ್‌ವುಡ್ ಕಿಪ್ಲಿಂಗ್, ಕಬ್ಬಿಣದ ಕೆಲಸಕ್ಕೆ ಹಿಗ್ಗಿನ್ಸ್. ಆ ವರ್ಷದ ಡಿಸೆಂಬರ್ 30ರಂದು ಕಿಪ್ಲಿಂಗರಿಗೆ ಇಲ್ಲೇ ಒಬ್ಬ ಮಗ ಹುಟ್ಟಿದ. ಅವನೇ ರಡ್ಯಾರ್ಡ್ ಕಿಪ್ಲಿಂಗ್. ಕಾಂಪೌಂಡಿನೊಳಗಿನ ಹಳೆಯ ಬಂಗಲೆಯನ್ನು ‘ಕಿಪ್ಲಿಂಗ್ ಹುಟ್ಟಿದ ಮನೆ’ ಎಂದು ತೋರಿಸುವುದುಂಟು. ಆ ಬಂಗಲೆ ಕಟ್ಟಿದ್ದು ಆಮೇಲೆ. ಜಾಗ ಅದೇ, ಮನೆ ಬೇರೆ.

ವಿ.ಟಿ.ಯ ಗೋಡೆಗಳನ್ನು ಒಂದು ದಿನ ನಿಂತು ನೋಡಿ. ಕಂಬದ ತಲೆಯಲ್ಲಿ ಎಲೆ ಬಳ್ಳಿ, ನವಿಲು, ಕೋತಿ, ಹಲ್ಲಿ, ಗೂಬೆ. ಸ್ಟೇಷನ್ ಕಟ್ಟಡದ ಕೆಲಸ 1878ರಿಂದ ಹತ್ತು ವರ್ಷ ನಡೆಯಿತು. ಎಫ್.ಡಬ್ಲ್ಯು. ಸ್ಟೀವನ್ಸ್ ನಕಾಶೆ ಮಾಡಿದರು. ನೆತ್ತಿಯ ಮೇಲಿನ ದೊಡ್ಡ ಪ್ರತಿಮೆ, ಗೇಟಿನ ಸಿಂಹ, ಹುಲಿ, ಇವು ಇಂಗ್ಲೆಂಡಿನ ಶಿಲ್ಪಿ ಥಾಮಸ್ ಅರ್ಪ್ ಮಾಡಿದವು. ಆದರೆ ಗೋಡೆ ತುಂಬ ಹಬ್ಬಿರುವ ಈ ಸಣ್ಣ ಕೆತ್ತನೆಯ ಅಲಂಕಾರ ಪಕ್ಕದ ಚಿತ್ರಶಾಲೆಯ ಹುಡುಗರ ಕೈಯದು. ಸ್ಟೀವನ್ಸರ ಹೆಸರು ಪುಸ್ತಕದಲ್ಲಿದೆ, ಅರ್ಪ್‌ರ ಹೆಸರೂ ಇದೆ. ನವಿಲು ಕೆತ್ತಿದ ಹುಡುಗನ ಹೆಸರು ಗೋಡೆಯ ಮೇಲೆ ಎಲ್ಲೂ ಇಲ್ಲ. ನಮ್ಮ ಬೇಲೂರು ಹಳೇಬೀಡಿನ ಶಿಲ್ಪಿಗಳಾದರೂ ಎಷ್ಟೋ ಕಡೆ ಪೀಠದ ಕೆಳಗೆ ತಮ್ಮ ಹೆಸರು, ಬಿರುದು ಕೆತ್ತಿಟ್ಟರು. ಬ್ರಿಟಿಷರ ಶಾಲೆಯ ವಿದ್ಯಾರ್ಥಿಗೆ ಅಷ್ಟೂ ದಕ್ಕಲಿಲ್ಲ.

ಪಾಠದ ಕ್ರಮವೂ ವಿಚಿತ್ರವಾಗಿತ್ತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿ. ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ಎದುರಿಟ್ಟುಕೊಂಡು ಕಂಡದ್ದನ್ನು ಕಂಡಂತೆ ಬಿಡಿಸುವುದು. ಮನೆಯಲ್ಲಿ ಬಡಗಿ ಕೆಲಸ, ಕಂಚುಗಾರ ಕೆಲಸ ಕಂಡು ಬೆಳೆದ ಹುಡುಗ ಇಲ್ಲಿ ಅಪೋಲೋ ದೇವರ ಮೂಗು ತಿದ್ದಬೇಕು. ಈ ದೇಶದ ಕಸುಬನ್ನು ಸುಧಾರಿಸಲೆಂದು ಹುಟ್ಟಿದ ಶಾಲೆ ಇದು ಅನ್ನುವುದು ನೆನಪಿರಲಿ! ಆದರೆ ಇದೇ ಗ್ರಿಫಿತ್ಸ್ ಸಾಹೇಬರು 1872ರಿಂದ 1885ರವರೆಗೆ ವಿದ್ಯಾರ್ಥಿಗಳನ್ನು ಅಜಂತೆಗೆ ಕರೆದೊಯ್ದು, ಗುಹೆಯ ಮಂದ ಬೆಳಕಿನಲ್ಲಿ ಭಿತ್ತಿಚಿತ್ರಗಳ ಪ್ರತಿ ತೆಗೆಸಿದರು. ಪೆಸ್ಟನ್‌ಜಿ ಬೊಮನ್‌ಜಿ ಆ ತಂಡದಲ್ಲಿದ್ದವರು. ವರ್ಷಗಟ್ಟಲೆ ದುಡಿದು ಮಾಡಿದ ಪ್ರತಿಗಳನ್ನು ಲಂಡನ್ನಿಗೆ ಕಳಿಸಿದರೆ, 1885ರಲ್ಲಿ ಅಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋದವು. ಉಳಿದದ್ದನ್ನು ಸೇರಿಸಿ ಗ್ರಿಫಿತ್ಸ್ 1896-97ರಲ್ಲಿ ಎರಡು ಸಂಪುಟ ಹೊರತಂದರು. ಗ್ರೀಕ್ ಅಚ್ಚು ತಿದ್ದಿದ ಕೈಗಳೇ ಅಜಂತೆಯ ಗೆರೆಯನ್ನೂ ಮುಟ್ಟಿ ಬಂದವು. ಆಮೇಲೆ ಮುಂಬಯಿಯ ಚಿತ್ರಕಾರರು ಈ ಎರಡರ ನಡುವೆ ಒಂದು ಶತಮಾನ ತೂಗಾಡಿದ್ದಕ್ಕೆ ಇದೇ ಮೂಲ ಎಂದು ನನ್ನ ಅಭಿಪ್ರಾಯ.

ಸರಿ, ಈ ಶಾಲೆಗೆ ಯಾರು ಸೇರಬಹುದಿತ್ತು? ನಮಗೆ, ಅಂದರೆ ಕನ್ನಡದವರಿಗೆ, ಕಥೆ ಕುತೂಹಲದ್ದಾಗುವುದು ಇಲ್ಲಿ.

1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಇವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅವರ ಪಾಲಿಗೆ ಮುಂಬಯಿ ಪರವೂರಲ್ಲ, ರಾಜಧಾನಿ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಡೀ ಪ್ರಾಂತದ ಶಾಲೆಗಳಿಗೆ ಅನ್ವಯಿಸುವ ಡ್ರಾಯಿಂಗ್ ಪರೀಕ್ಷೆಗಳು ಜಾರಿಗೆ ಬಂದವು. ಎಲಿಮೆಂಟರಿ, ಇಂಟರ್‌ಮೀಡಿಯೆಟ್. ನಿಮ್ಮಲ್ಲಿ ಹಿರಿಯರಿಗೆ ಈ ಹೆಸರುಗಳು ಗೊತ್ತಿರಲೇಬೇಕು. ಎದುರಿಗೆ ಇಟ್ಟ ತಂಬಿಗೆ, ಪುಸ್ತಕವನ್ನು ನೋಡಿ ಬಿಡಿಸುವುದು, ನೆನಪಿನಿಂದ ಒಂದು ದೃಶ್ಯ ಬಿಡಿಸುವುದು, ನಕ್ಷೆ, ರೇಖಾಗಣಿತ, ಅಕ್ಷರ ಬರೆಯುವುದು. 1893ರಲ್ಲಿ ಜೆ.ಜೆ.ಯಲ್ಲಿ ಡ್ರಾಯಿಂಗ್ ಮಾಸ್ತರರನ್ನು ತರಬೇತು ಮಾಡುವ ತರಗತಿ ಶುರುವಾಯಿತು. ಹೀಗೆ ಫೋರ್ಟಿನ ಶಾಲೆಯ ಒಂದು ಕೈ ಹುಬ್ಬಳ್ಳಿ, ಗದಗದವರೆಗೆ ಚಾಚಿತು. ಕರೀ ಟೋಪಿ, ಕೋಟು ಹಾಕಿದ ಡ್ರಾಯಿಂಗ್ ಮಾಸ್ತರರು ಉತ್ತರ ಕರ್ನಾಟಕದ ಹೈಸ್ಕೂಲುಗಳಲ್ಲಿ ಒಂದು ಜಾತಿಯೇ ಆದರು. ಕೈ ಚೆನ್ನಾಗಿರುವ ಹುಡುಗನನ್ನು ಹುಡುಕಿ ಪರೀಕ್ಷೆಗೆ ಕೂರಿಸುವವರು ಅವರು. ಪಾಸಾದರೆ ಮುಂದೆ ಮುಂಬಯಿ. ಧಾರವಾಡದ ಡಿ.ವಿ. ಹಾಲಭಾವಿಯವರು ಈ ದಾರಿಯಲ್ಲಿ ಜೆ.ಜೆ.ಗೆ ಹೋಗಿ ಕಲಿತು, ತಿರುಗಿ ಬಂದು ತಮ್ಮೂರಲ್ಲೇ ಒಂದು ಚಿತ್ರಶಾಲೆ ನಡೆಸಿದರು. ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ ಬೆಳೆಯಿತು. ದೊಡ್ಡ ಸರಕಾರಿ ಶಾಲೆಯ ಪರೀಕ್ಷೆಯನ್ನೇ ಏಣಿ ಮಾಡಿಕೊಂಡು ಸಣ್ಣ ಊರಿನ ಮಕ್ಕಳನ್ನು ಮೇಲೆ ಹತ್ತಿಸಿದ ಶಾಲೆಗಳು ಇವು.

ಆದರೆ ಉಡುಪಿ, ಮಂಗಳೂರು ಕಡೆಯವರಿಗೆ ಈ ಏಣಿ ಇರಲಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ. ನಮ್ಮವರು ಮುಂಬಯಿಗೆ ಬಂದದ್ದು ಹೊಟ್ಟೆಯ ದಾರಿಯಲ್ಲಿ, ಹಡಗು ಹತ್ತಿ, ಹೋಟೆಲು ಕೆಲಸಕ್ಕೆ. ಬಂದು ಇಳಿದದ್ದು ಇದೇ ಫೋರ್ಟಿನಲ್ಲಿ, ಬಜಾರ್ ಗೇಟ್ ಸ್ಟ್ರೀಟ್, ಬೋರಾ ಬಜಾರಿನ ಗಲ್ಲಿಗಳಲ್ಲಿ. ಹಗಲು ಲೋಟ ತೊಳೆದು ರಾತ್ರಿ ಅಕ್ಷರ ಕಲಿಯುವ ಹುಡುಗರಿಗಾಗಿ ಮೊಗವೀರರು, ಬಿಲ್ಲವರು ಮತ್ತಿತರ ಸಮಾಜಗಳ ಹಿರಿಯರು ರಾತ್ರಿ ಶಾಲೆಗಳನ್ನು ತೆರೆದರು. ಆ ಶಾಲೆಗಳ ವಾರ್ಷಿಕೋತ್ಸವದಲ್ಲಿ ನಾಟಕವಿಲ್ಲದೆ, ಪದ್ಯವಿಲ್ಲದೆ ಮುಗಿಯುತ್ತಿರಲಿಲ್ಲ. ಮುಂಬಯಿ ಕನ್ನಡ ರಂಗಭೂಮಿಗೆ ಅಲ್ಲಿಂದ ಬಂದ ನಟರು ಎಷ್ಟು ಮಂದಿಯೋ! ಈಗ ದೂರ ಅಳೆಯಿರಿ. ಬಜಾರ್ ಗೇಟ್ ಸ್ಟ್ರೀಟಿನಿಂದ ಜೆ.ಜೆ.ಯ ಗೇಟಿಗೆ ಹತ್ತು ನಿಮಿಷದ ನಡಿಗೆ. ಆದರೆ ಆ ಶಾಲೆಯ ಪಾಠ ನಡೆಯುವುದು ಹಗಲು, ಹೋಟೆಲ್ ಹುಡುಗನಿಗೆ ಬಿಡುವಾಗುವುದು ರಾತ್ರಿ. ಕೋಟೆಯ ಗೋಡೆ ಬಿದ್ದುಹೋಗಿದ್ದರೂ ಗೇಟು ಹಾಗೇ ನಿಂತಿತ್ತು.

ಈ ಗೇಟಿಗೆ ಒಂದು ಪಕ್ಕದ ಬಾಗಿಲು ಮಾಡಿಕೊಟ್ಟವರು ಕನ್ನಡಿಗರೇ ಆದ ಜಿ.ಎಸ್. ದಂಡಾವತಿಮಠ. ಇಂದು ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಮುಂಬಯಿಯಲ್ಲಿ ಅವರು ನಡೆಸುತ್ತಿದ್ದ ನೂತನ ಕಲಾಮಂದಿರ ಎಂಬ ಖಾಸಗಿ ಶಾಲೆಗೆ 1930ರ ದಶಕದಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯ ಒಬ್ಬ ತರುಣ ಬಂದು ಸೇರಿದ. 1911ರಲ್ಲಿ ಹುಟ್ಟಿದವನು. ತಂದೆ ಗಣಪತಿಯ ಮಣ್ಣಿನ ಮೂರ್ತಿ ಮಾಡುತ್ತಿದ್ದವರು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕಲಿತು, ಅಲ್ಲಿ ನಿಲ್ಲದೆ ಇಲ್ಲಿಗೆ ಬಂದಿದ್ದ. ದಂಡಾವತಿಮಠರ ಗರಡಿಯಲ್ಲಿ ಪಳಗಿ 1938ರಲ್ಲಿ ಜೆ.ಜೆ.ಯ ಡಿಪ್ಲೊಮಾ ಪಡೆದ. 1940ರಿಂದ 45ರವರೆಗೆ ಅದೇ ಜೆ.ಜೆ.ಯಲ್ಲಿ ಮಾಸ್ತರನಾದ. ಅವರೇ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು, ನಮ್ಮ ಕೆ.ಕೆ. ಹೆಬ್ಬಾರ್.

ಅವರು ಕಲಿಯುವ ಹೊತ್ತಿಗೆ ಶಾಲೆ ಬದಲಾಗಿತ್ತು. 1919ರಿಂದ ಪ್ರಿನ್ಸಿಪಾಲರಾಗಿದ್ದ ಗ್ಲಾಡ್‌ಸ್ಟನ್ ಸಾಲೊಮನ್ ಪ್ಲಾಸ್ಟರ್ ಅಚ್ಚಿನ ಬದಲು ಜೀವಂತ ಮನುಷ್ಯನನ್ನು ಎದುರು ಕೂರಿಸಿ ಬಿಡಿಸುವ ತರಗತಿ ತಂದರು, ಭಿತ್ತಿಚಿತ್ರಕ್ಕೂ ಒಂದು ವಿಭಾಗ ಮಾಡಿದರು. ಇವರ ವಿದ್ಯಾರ್ಥಿಗಳು 1920ರ ದಶಕದ ಕೊನೆಗೆ ಹೊಸದಿಲ್ಲಿಯ ಸೆಕ್ರೆಟೇರಿಯಟ್ ಗೋಡೆಗಳ ಮೇಲೆ ಚಿತ್ರ ಬರೆದರು. 1936ರಲ್ಲಿ ಬಂದ ಚಾರ್ಲ್ಸ್ ಜೆರಾರ್ಡ್ ಯುರೋಪಿನ ಹೊಸ ಕಲೆಯ ಗಾಳಿಗೆ ಕಿಟಕಿ ತೆರೆದರು. ಹೆಬ್ಬಾರರು ಇದನ್ನೆಲ್ಲ ಕಲಿತರು, ಕಲಿಸಿದರು, ಆಮೇಲೆ ಅದರಿಂದ ಬಿಡಿಸಿಕೊಂಡರು. ಅಮೃತಾ ಶೇರ್‌ಗಿಲ್ಲರ ಚಿತ್ರಗಳು ಅವರನ್ನು ಅಲುಗಾಡಿಸಿದ್ದವು. 1949-50ರಲ್ಲಿ ಪ್ಯಾರಿಸ್ಸಿನ ಅಕಾದೆಮಿ ಜೂಲಿಯನ್ನಿಗೂ ಹೋಗಿ ಬಂದರು. ಆದರೆ ನನಗೆ ಪ್ಯಾರಿಸ್ಸಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಲಯ ಎಂದರೇನೆಂದು ತಿಳಿಯಲು ಅವರು ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ನೃತ್ಯ ಕಲಿತರು. ಕಲಾವಿದನಾಗಿ ಹೆಸರಾದ ಮನುಷ್ಯ ಕಾಲಿಗೆ ಗೆಜ್ಜೆ ಕಟ್ಟಿ ತತ್ಕಾರದಿಂದ ಶುರು ಮಾಡುವುದೆಂದರೆ ಸಣ್ಣ ಮಾತೇ? ಆಮೇಲೆ ಅವರು ಬರೆದ ನರ್ತಕಿಯರ, ಸಂಗೀತಗಾರರ, ಯಕ್ಷಗಾನದ ರೇಖಾಚಿತ್ರಗಳಲ್ಲಿ ಒಂದೇ ಗೆರೆ ಕೈ ಎತ್ತದೆ ಓಡುತ್ತದೆ. ‘ಹಾಡುವ ರೇಖೆಗಳು’ ಎಂದು ಲೋಕ ಅದನ್ನು ಕರೆಯಿತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಚಿತ್ರ, ನೃತ್ಯ, ಸಂಗೀತಗಳನ್ನು ಒಂದೇ ಸೂರಿನಡಿ ಕಲಿಸುವ ಶಾಲೆ ನ್ಯೂಯಾರ್ಕಿನವರಿಗೆ ಸಿಕ್ಕಿತು. ಹೆಬ್ಬಾರರು ಅದನ್ನು ಬೇರೆ ಬೇರೆ ಬಾಗಿಲು ತಟ್ಟಿ ಕೂಡಿಸಿಕೊಂಡರು.

ಇನ್ನೊಬ್ಬರು ಕಲಬುರಗಿಯ ಎಸ್.ಎಂ. ಪಂಡಿತ್, 1916ರಲ್ಲಿ ಹುಟ್ಟಿದವರು. ಕಲಬುರಗಿ ಆಗ ನಿಜಾಮರ ಸಂಸ್ಥಾನ. ಅವರು ಮೊದಲು ಮದರಾಸಿನ ಶಾಲೆಯಲ್ಲಿ ಕಲಿತು, ಮುಂಬಯಿಗೆ ಬಂದು ಜೆ.ಜೆ.ಯಲ್ಲೂ ಕಲಿತರು. ಹಿಂದಿ ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ, ಪುರಾಣದ ಕ್ಯಾಲೆಂಡರು. ನಿಮ್ಮ ಅಜ್ಜಿಯ ಮನೆಯ ಗೋಡೆಯ ಮೇಲಿದ್ದ ದೇವರು ಇವರ ಕುಂಚದ್ದೇ ಇರಬಹುದು. ಗ್ಯಾಲರಿಯ ಪಂಡಿತರು ಕ್ಯಾಲೆಂಡರ್ ಕಲೆಯೆಂದು ಮೂಗು ಮುರಿದರು. ಆದರೆ ಕಸುಬಿನ ಮಾಲು ಸುಧಾರಿಸಲೆಂದು ಹಣ ಕೊಟ್ಟ ಜಮ್ಶೇಟ್‌ಜಿಯವರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರೇನೋ! ಮುಂಬಯಿ ಪ್ರಾಂತದ ಹಾಲಭಾವಿ, ಮದರಾಸು ಪ್ರಾಂತದ ಹೆಬ್ಬಾರ್, ನಿಜಾಮ ಸಂಸ್ಥಾನದ ಪಂಡಿತ್. ನಕ್ಷೆಯಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಗುವ ಮೊದಲೇ ಫೋರ್ಟಿನ ಈ ಕಾಂಪೌಂಡಿಗೆ ಅದರ ಚೂರುಗಳು ಬಂದು ಸೇರಿದ್ದವು.

ಸಂಗೀತದ ಮಾತನ್ನು ಬಿಡುವಂತಿಲ್ಲ. ಜೆ.ಜೆ.ಯಲ್ಲಿ ಸಂಗೀತವಿರಲಿಲ್ಲ. ಅದಕ್ಕೆ ಆಪೆರಾ ಹೌಸ್ ಕಡೆ ಪ್ರೊಫೆಸರ್ ಬಿ.ಆರ್. ದೇವಧರ್ 1925ರಲ್ಲಿ ತೆರೆದ ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್ ಇತ್ತು. 1935ರ ಸುಮಾರಿಗೆ ಬೆಳಗಾವಿ ಹತ್ತಿರದ ಸೂಳೇಭಾವಿಯ ಹನ್ನೊಂದು ವರ್ಷದ ಹುಡುಗ ಶಿವಪುತ್ರ ಕೊಂಕಾಳಿಮಠ ಇಲ್ಲಿಗೆ ಶಿಷ್ಯನಾಗಿ ಬಂದ. ದೊಡ್ಡ ದೊಡ್ಡ ಗವಾಯಿಗಳ ರೆಕಾರ್ಡು ಕೇಳಿ ಹಾಗೇ ಹಾಡಿ ತೋರಿಸುತ್ತಿದ್ದ ಬಾಲಕ. ಅನುಕರಣೆಯಿಂದ ಅವನನ್ನು ಬಿಡಿಸಿ ಸ್ವಂತ ವಿಚಾರಕ್ಕೆ ಹಚ್ಚಿದ್ದು ದೇವಧರ್ ಗುರುಗಳು. ಕುಮಾರ ಗಂಧರ್ವ ಎಂದರೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ.

ಮಕ್ಕಳನ್ನು ಆರಿಸುವ ಶಾಲೆ ತಪ್ಪು ಮಾಡುವುದೂ ಉಂಟು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿದನೆಂದು 1945ರಲ್ಲಿ ಗೋವೆಯ ಒಬ್ಬ ವಿದ್ಯಾರ್ಥಿಯನ್ನು ಜೆ.ಜೆ. ಹೊರಗೆ ಹಾಕಿತು. ಅವರು ಎಫ್.ಎನ್. ಸೂಜಾ. 1947ರಲ್ಲಿ ಅವರು ರಝಾ, ಆರಾ, ಹುಸೇನ್, ಗಾಡೆ, ಬಾಕ್ರೆ ಇವರ ಜತೆ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಇವರಲ್ಲಿ ಆರಾ ಮನೆಗೆಲಸ ಮಾಡಿ, ಕಾರು ತೊಳೆದು ಬದುಕಿದವರು. ಹುಸೇನ್ ಸಿನಿಮಾ ಹೋರ್ಡಿಂಗು ಬರೆದವರು. ಶಾಲೆ ಹೊರಗೆ ಹಾಕಿದವನು, ಶಾಲೆಯ ಡಿಪ್ಲೊಮಾ ಇಲ್ಲದವರು ಸೇರಿ ದೇಶದ ಚಿತ್ರಕಲೆಯ ದಿಕ್ಕನ್ನೇ ತಿರುಗಿಸಿದರು. ಹಾಗೆಂದು ಶಾಲೆಯೇ ಬೇಡ ಎನ್ನುವುದು ಜಾಣತನವಲ್ಲ. ಗೋಡೆ ಇದ್ದದ್ದರಿಂದಲೇ ಅವರಿಗೆ ತಳ್ಳಲು ಏನಾದರೂ ಸಿಕ್ಕಿತು.

1956ರ ನಂತರ ಧಾರವಾಡ, ಬೆಳಗಾವಿಯ ಹುಡುಗನಿಗೆ ಜೆ.ಜೆ. ಬೇರೆ ರಾಜ್ಯದ ಕಾಲೇಜಾಯಿತು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು, ಮೈಸೂರಿನಲ್ಲಿ ಚಾಮರಾಜೇಂದ್ರ ಸಂಸ್ಥೆಯ ಹೊಸ ಅವತಾರವಾದ ‘ಕಾವಾ’ ಬಂದವು. ಇತ್ತ ಫೋರ್ಟಿನ ಶಾಲೆಯೂ ಕವಲೊಡೆಯಿತು. 1958ರಲ್ಲಿ ವಾಸ್ತುಶಿಲ್ಪ ಬೇರೆ ಕಾಲೇಜಾಯಿತು, 1961ರಲ್ಲಿ ಜಾಹೀರಾತು ಮತ್ತು ಅನ್ವಯಿಕ ಕಲೆ ಬೇರೆಯಾಯಿತು. ಅರುವತ್ತು ವರ್ಷಗಳ ಮೇಲೆ, 2023ರಲ್ಲಿ, ಮೂರನ್ನೂ ಮತ್ತೆ ಒಂದೇ ಹೆಸರಿನಡಿ ಸೇರಿಸಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಕೊಡಲಾಯಿತು. ಮಾನ್ಯತೆ ಸಂತೋಷವೇ. ಆದರೆ ಫೀಸು ಏರಿದರೆ ಹೊರಗುಳಿಯುವವನು ಬಜಾರ್ ಗೇಟಿನ ಹುಡುಗನೇ. ಆಗ ಅಡ್ಡ ಬಂದದ್ದು ಹಗಲಿನ ಪಾಠ. ಮುಂದೆ ಅಡ್ಡ ಬರುವುದು ಏನೆಂದು ನೋಡಬೇಕು.

ಅಂದಹಾಗೆ, ಆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳು ಮಹಾರಾಷ್ಟ್ರದಲ್ಲಿ ಇನ್ನೂ ಬದುಕಿವೆ. ರಾಜ್ಯದ ಕಲಾ ಸಂಚಾಲನಾಲಯ ಅವನ್ನು ನಡೆಸುತ್ತದೆ. ಇಂಟರ್‌ಮೀಡಿಯೆಟ್ ಪಾಸಾದವರಿಗೆ ಎಸ್.ಎಸ್.ಸಿ.ಯಲ್ಲಿ ಕೆಲವು ಹೆಚ್ಚುವರಿ ಅಂಕಗಳೂ ಸಿಗುತ್ತವೆ. ನಿಮ್ಮ ಮನೆಯ ಮಗು ಹೈಸ್ಕೂಲಿನಲ್ಲಿದ್ದರೆ, ನೋಟುಬುಕ್ಕಿನ ಕೊನೆಯ ಹಾಳೆಗಳಲ್ಲಿ ಚಿತ್ರ ಗೀಚುತ್ತಿದ್ದರೆ, ಬೈಯುವ ಮೊದಲು ಶಾಲೆಯ ಡ್ರಾಯಿಂಗ್ ಮಾಸ್ತರರನ್ನು ಹೋಗಿ ಕಾಣಿ. ಫಾರ್ಮು ತುಂಬುವ ದಿನ ಯಾವಾಗ ಎಂದು ಅವರಿಗೆ ಗೊತ್ತಿರುತ್ತದೆ.